ಕಾಣದ ಕುದುರೆಗಳು

ಪೊಲೊ ಜಿಟಿ ಟಿಎಸ್‌ಐ ಎಂಬ ಪುಟ್ಟ ಕಾರು 2013ರಲ್ಲಿ ನಮ್ಮ ಮಾರುಕಟ್ಟೆಗೆ ಬಂದಾಗ ಅದರ ವಿವರಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: ಗರಿಷ್ಠ ಟಾರ್ಕ್ 175 ನ್ಯೂಟನ್ ಮೀಟರ್, ನಿಮಿಷಕ್ಕೆ 1,500ರಿಂದ 4,100 ಸುತ್ತು. ಕಾರು ಕೊಳ್ಳಲು ಬಂದವರು ಇಂಥ ಸಾಲನ್ನು ಓದಿ ಬಣ್ಣ, ಬೆಲೆ, ಮೈಲೇಜ್ ಕಡೆಗೆ ಹೊರಳುತ್ತಾರೆ. ಎಂಜಿನ್ ಬಲ್ಲವರ ಕಣ್ಣು ಮಾತ್ರ ಅಲ್ಲೇ ನಿಲ್ಲುತ್ತದೆ.

ಟಾರ್ಕ್ ಎಂದರೆ ಎಂಜಿನ್ನಿನ ತಿರುಚುವ ಬಲ. ಎಂಜಿನ್ನಿನ ವೇಗ ಏರಿದಂತೆ ಅದು ಮೆಲ್ಲಗೆ ಹೆಚ್ಚಿ, ಎಲ್ಲೋ ಒಂದು ಕಡೆ ತುದಿ ಮುಟ್ಟಿ, ಆಮೇಲೆ ಇಳಿಯುವುದು ಸಹಜ. 2,600 ಸುತ್ತುಗಳ ಉದ್ದಕ್ಕೂ ಒಂದೇ ಮಟ್ಟದಲ್ಲಿ ಅಡ್ಡಗೆರೆ ಎಳೆದ ಹಾಗೆ ನಿಂತರೆ, ಯಾರೋ ಅದರ ನೆತ್ತಿಯನ್ನು ಬೇಕೆಂದೇ ಕೊಯ್ದಿದ್ದಾರೆ ಎಂದರ್ಥ. ಕೊಯ್ದದ್ದು ಇಸಿಯು, ಅಂದರೆ ಎಂಜಿನ್ನನ್ನು ಆಳುವ ಕಂಪ್ಯೂಟರು. ಟರ್ಬೊ ಇನ್ನಷ್ಟು ಗಾಳಿ ತುಂಬಬಲ್ಲದು, ಎಂಜಿನ್ ಇನ್ನಷ್ಟು ಬಲ ಕೊಡಬಲ್ಲದು. ಆದರೆ 175ರ ಗೆರೆ ಮುಟ್ಟಿದ ಕೂಡಲೇ ಇಸಿಯು ಸಾಕು ಎನ್ನುತ್ತದೆ.

ಈ ‘ಸಾಕು’ ಎಂಬುದನ್ನು ತುಸು ಮೇಲಕ್ಕೆ ಸರಿಸಿದರೆ? ಬಾನೆಟ್ ತೆರೆದರೂ ಒಂದು ನಟ್ಟು ಬದಲಾದದ್ದು ಕಾಣುವುದಿಲ್ಲ. ಹಿಂದೆ ಅದೇ ಪುಟ್ಟ ಜಿಟಿ ಬಿಲ್ಲೆ, ಅದೇ ಸೈಲೆನ್ಸರ್, ಅದೇ ಸದ್ದು. ಹೆದ್ದಾರಿಯಲ್ಲಿ ಮಾತ್ರ ಕಾರು ಬೇರೆ. ಹೊರಗೆ ಕಂಪನಿ ಕೊಟ್ಟ ಹಾಗೇ ಇದ್ದು ಒಳಗೆ ಬದಲಾದ ಇಂಥ ಕಾರುಗಳನ್ನು ಉತ್ಸಾಹಿಗಳು ‘ಸ್ಲೀಪರ್’ ಎನ್ನುತ್ತಾರೆ. ಕೆಲವು ಕಂಪನಿಗಳು ತಾವೇ ಇಂಥದ್ದನ್ನು ಮಾಡಿ ಮಾರಿದ್ದುಂಟು. 1990ರ ದಶಕದ ವೋಲ್ವೊ 850 ನೋಡಲು ಸಂಸಾರಸ್ಥರ ಚೌಕಾಕಾರದ ಬಂಡಿ. ಅದರ ಟಿ5 ಅವತಾರದಲ್ಲಿ 2.3 ಲೀಟರಿನ ಐದು ಸಿಲಿಂಡರ್ ಟರ್ಬೊ ಕೂತಿತ್ತು. ಬ್ರಿಟನ್ನಿನ ಪೊಲೀಸರು ಅದನ್ನು ಹೆದ್ದಾರಿ ಗಸ್ತಿಗೆ ಇಟ್ಟುಕೊಂಡರು. 1994ರಲ್ಲಿ ವೋಲ್ವೊ ಸಾಮಾನು ತುಂಬುವ ಉದ್ದ ಬೆನ್ನಿನ ಎಸ್ಟೇಟ್ ಮಾದರಿಯನ್ನೇ ಬ್ರಿಟಿಷ್ ಟೂರಿಂಗ್ ಕಾರ್ ರೇಸಿಗೆ ಇಳಿಸಿ ನೋಡುಗರನ್ನು ತಬ್ಬಿಬ್ಬು ಮಾಡಿತ್ತು.

ಈ ಅಧ್ಯಾಯದಲ್ಲಿ ನನ್ನ ಪ್ರಶ್ನೆ ಒಂದೇ. ಕಂಪನಿ ಆ ನೆತ್ತಿಯನ್ನು ಕೊಯ್ದಿಟ್ಟದ್ದು ಯಾರಿಗಾಗಿ, ಮತ್ತು ನಾವು ಅದನ್ನು ಬಳಸಿಕೊಂಡರೆ ಯಾರ ಪಾಲನ್ನು ತಿಂದಂತೆ?

ಮೊದಲು ಟರ್ಬೊ ಮಾಡುವ ಕೆಲಸ. ಎಂಜಿನ್ ಸುಡುವುದು ಪೆಟ್ರೋಲನ್ನಾದರೂ ಅದರ ಶಕ್ತಿಗೆ ಮಿತಿ ಹಾಕುವುದು ಗಾಳಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು. 1,197 ಸಿಸಿ ಎಂಜಿನ್ನಿನೊಳಗೆ ಗಾಳಿ ಹಿಡಿಸುವುದೇ ಕಷ್ಟ. ಹೊಗೆಯ ಜೊತೆ ಸುಮ್ಮನೆ ಹೊರಹೋಗುವ ಶಕ್ತಿಯಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ತುಂಬಬಹುದೆಂದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದ. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಅಮೆರಿಕದ ಪೈಕ್ಸ್ ಪೀಕ್ ಶಿಖರಕ್ಕೆ, ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್ ಎತ್ತರಕ್ಕೆ, ಲಾರಿಯಲ್ಲಿ ಹೊತ್ತೊಯ್ದು ಪರೀಕ್ಷಿಸಿದ. ತೆಳುಗಾಳಿಯಲ್ಲಿ ಸೊರಗಿದ ಎಂಜಿನ್ ಟರ್ಬೊ ಜೋಡಿಸಿದ ಮೇಲೆ ನೆಲಮಟ್ಟದ ಶಕ್ತಿಯನ್ನು ಮರಳಿ ಪಡೆಯಿತು.

ಪೈಕ್ಸ್ ಪೀಕಿನ ಕಥೆ ಬೆಂಗಳೂರಿಗೂ ಸಣ್ಣ ಪ್ರಮಾಣದಲ್ಲಿ ಅನ್ವಯಿಸುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರು ಬೆಂಗಳೂರಿನಲ್ಲಿ ತನ್ನ ಶಕ್ತಿಯ ಹತ್ತನೇ ಒಂದು ಭಾಗವನ್ನು ಸದ್ದಿಲ್ಲದೆ ಕಳೆದುಕೊಂಡಿರುತ್ತದೆ. ಟರ್ಬೊ ಕಾರು ಕಳೆದುಕೊಳ್ಳುವುದಿಲ್ಲ. ಇಸಿಯು ಕೇಳುವುದು ಇಷ್ಟು ಒತ್ತಡದ ಗಾಳಿ ಕೊಡು ಎಂದು; ಹೊರಗಿನ ಗಾಳಿ ತೆಳುವಾಗಿದ್ದರೆ ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಆ ಲೆಕ್ಕ ಒಪ್ಪಿಸುತ್ತದೆ.

ಹಾಗೆ ಒಪ್ಪಿಸುವಾಗ ಗಾಳಿ ಕಾಯುತ್ತದೆ. ಎಷ್ಟು ಎಂಬುದನ್ನು ಅಂದಾಜು ಮಾಡಬಹುದು. ಎಂಜಿನ್ನಿಗೆ 1.8 ಬಾರ್ ಒತ್ತಡದ ಗಾಳಿ ಬೇಕು, ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದೆ, ಟರ್ಬೊದ ಕಂಪ್ರೆಸರ್ ಶೇ. 70 ದಕ್ಷತೆಯದು ಎಂದಿಟ್ಟುಕೊಳ್ಳಿ. ಮಂಗಳೂರಿನಲ್ಲಿ ಅದು ಗಾಳಿಯನ್ನು 1.78 ಪಟ್ಟು ಒತ್ತಬೇಕು. ಗಾಳಿ ಹೊರಬರುವಾಗ ಸುಮಾರು 108 ಡಿಗ್ರಿ ಇರುತ್ತದೆ. ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಒತ್ತಬೇಕು. ಗಾಳಿ 123 ಡಿಗ್ರಿ ಮುಟ್ಟುತ್ತದೆ. ಕಾದ ಗಾಳಿ ಹಿಗ್ಗುತ್ತದೆ, ಅಂದರೆ ಒತ್ತಿ ತುಂಬಿದ ಲಾಭದ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಅದಕ್ಕೇ ಟರ್ಬೊಗೂ ಎಂಜಿನ್ನಿಗೂ ನಡುವೆ ಇಂಟರ್‌ಕೂಲರ್ ಎಂಬ ಶಾಖ ಕಳೆಯುವ ಜಾಲರಿ. ಅದು 123 ಡಿಗ್ರಿಯನ್ನು 50ಕ್ಕೆ ಇಳಿಸಿದರೆ ಅದೇ ಒತ್ತಡದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿ ಒಳಗೆ ಹಿಡಿಸುತ್ತದೆ.

ಶಕ್ತಿಯ ನಷ್ಟಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಸಿಲಿಂಡರಿನೊಳಗೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಮೇಲೆ ಜ್ವಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬುತ್ತಾ ಹೋಗಬೇಕು. ಹಬ್ಬುವಾಗ ಇನ್ನೂ ಸುಡದ ಮೂಲೆಯ ಮಿಶ್ರಣವನ್ನು ಅದು ಒತ್ತುತ್ತದೆ, ಕಾಯಿಸುತ್ತದೆ. ಒಳಬಂದ ಗಾಳಿ ಮೊದಲೇ ಬಿಸಿಯಾಗಿದ್ದರೆ ಜ್ವಾಲೆ ತಲುಪುವ ಮುನ್ನವೇ ಆ ಮೂಲೆ ಒಮ್ಮೆಗೇ ಸಿಡಿಯುತ್ತದೆ. ಇದೇ ನಾಕಿಂಗ್. ಪೊಲೊದಷ್ಟು ಸಣ್ಣ ಸಿಲಿಂಡರಿನಲ್ಲಿ ಆ ಸಿಡಿತ ಸೆಕೆಂಡಿಗೆ ಏಳೆಂಟು ಸಾವಿರ ಕಂಪನಗಳ ಲೋಹದ ಸದ್ದಾಗಿ ಕೇಳುತ್ತದೆ. ಹಳೆಯ ಮೆಕ್ಯಾನಿಕ್‌ಗಳು ‘ಎಂಜಿನ್ ಕುಟ್ತಾ ಇದೆ’ ಎನ್ನುವುದು ಇದಕ್ಕೇ. ಟರ್ಬೊ ಎಂಜಿನ್ನಿನಲ್ಲಿ ಅದು ಪಿಸ್ಟನ್ನಿನ ಅಂಚನ್ನು ಒಡೆಯಬಲ್ಲದು.

ಟರ್ಬೊ ಕಾರುಗಳ ಇಡೀ ಇತಿಹಾಸ ಈ ಸಿಡಿತದ ಜೊತೆಗಿನ ಹೋರಾಟ. ಅದರ ಮೊದಲ ಅಂಕ ಸ್ವಾರಸ್ಯವಾಗಿದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. 3.5 ಲೀಟರಿನ ಎಂಜಿನ್, 215 ಅಶ್ವಶಕ್ತಿ. ಎಂಜಿನ್ನಿನ ಸಂಪೀಡನ ಅನುಪಾತ 10.25, ಅಷ್ಟು ಬಿಗಿಯಾದ ಎಂಜಿನ್ನಿಗೆ ಟರ್ಬೊ ಕೂಡಿಸಿದರೆ ನಾಕಿಂಗ್ ಖಚಿತ. ಇಂಟರ್‌ಕೂಲರ್ ಇರಲಿಲ್ಲ, ಕಂಪ್ಯೂಟರಂತೂ ಇರಲೇ ಇಲ್ಲ. ಎಂಜಿನಿಯರುಗಳು ಒಂದು ಉಪಾಯ ಹೂಡಿದರು. ನೀರು ಮತ್ತು ಮೆಥನಾಲ್ ಸರಿಸಮ ಬೆರೆಸಿದ ದ್ರವವನ್ನು ಬೇರೊಂದು ಬಾಟಲಿಯಲ್ಲಿಟ್ಟು, ಟರ್ಬೊ ಜೋರು ಮಾಡಿದಾಗ ಅದನ್ನು ಗಾಳಿಗೆ ಸಿಂಪಡಿಸಿದರು. ದ್ರವ ಆವಿಯಾಗುತ್ತಾ ಶಾಖ ಹೀರುತ್ತದೆ, ಗಾಳಿ ತಣ್ಣಗಾಗುತ್ತದೆ. ಭೌತವಿಜ್ಞಾನ ಸರಿಯಾಗಿಯೇ ಇತ್ತು, ಮನುಷ್ಯರ ಲೆಕ್ಕ ತಪ್ಪಿತು. ಪೆಟ್ರೋಲ್ ಹಾಕಿಸುವುದು ಯಾರಿಗೂ ಮರೆಯುವುದಿಲ್ಲ. ಆ ಬಾಟಲಿ ತುಂಬಿಸುವುದು ಬಹಳ ಜನರಿಗೆ ಮರೆಯಿತು. ಬಾಟಲಿ ಬರಿದಾದರೆ ಒತ್ತಡ ಇಳಿಸುವ ಕವಾಟವೂ ಇತ್ತು, ಹಾಗಾಗಿ ಕಾಸು ಕೊಟ್ಟು ಟರ್ಬೊ ಕೊಂಡವರು ಟರ್ಬೊ ಇಲ್ಲದ ಕಾರು ಓಡಿಸುತ್ತಾ ಗೊಣಗಿದರು. ಕೊನೆಗೆ ಎಷ್ಟೋ ಕಾರುಗಳಿಂದ ಕಂಪನಿಯೇ ಟರ್ಬೊ ಕಳಚಿ ಮಾಮೂಲಿ ಕಾರ್ಬ್ಯುರೇಟರ್ ಕೂಡಿಸಿಕೊಟ್ಟಿತು.

ಸರಿಯಾದ ಉತ್ತರ ಸ್ವೀಡನ್ನಿನ ಸಾಬ್ ಕಂಪನಿಯಿಂದ ಬಂತು. ಎಂಜಿನಿಯರ್ ಪೇರ್ ಯಿಲ್‌ಬ್ರಾಂಡ್ ಅವರ ಬಳಗ 1980ರ ದಶಕದ ಆರಂಭದಲ್ಲಿ ಎಂಜಿನ್ ಬ್ಲಾಕಿಗೆ ಒಂದು ‘ಕಿವಿ’ ಅಂಟಿಸಿತು. ನಾಕಿಂಗಿನ ಕಂಪನ ಕೇಳಿಸಿದ ಕೂಡಲೇ ಹೊಗೆಯನ್ನು ಟರ್ಬೊದ ಪಕ್ಕದಿಂದ ದಾಟಿಸುವ ವೇಸ್ಟ್‌ಗೇಟ್ ಬಾಗಿಲು ತೆರೆದುಕೊಂಡು ಒತ್ತಡ ಇಳಿಯುತ್ತಿತ್ತು. ಒಳ್ಳೆಯ ಪೆಟ್ರೋಲ್ ಹಾಕಿದರೆ ಕಾರು ತಾನಾಗಿಯೇ ಚುರುಕಾಗುತ್ತಿತ್ತು, ಸಾದಾ ಪೆಟ್ರೋಲಿಗೆ ಹೊಂದಿಕೊಂಡೂ ಓಡುತ್ತಿತ್ತು. ಇಂದಿನ ಪ್ರತಿಯೊಂದು ಟರ್ಬೊ ಪೆಟ್ರೋಲ್ ಕಾರಿನಲ್ಲೂ ಆ ಕಿವಿಯ ಮರಿಮಕ್ಕಳಿವೆ. ಈಗ ಅವು ಮೊದಲು ಕಿಡಿ ಹಾರುವ ಕ್ಷಣವನ್ನು ಕೆಲವು ಡಿಗ್ರಿ ಹಿಂದಕ್ಕೆ ತಳ್ಳುತ್ತವೆ, ಸಾಲದಿದ್ದರೆ ಒತ್ತಡ ಇಳಿಸುತ್ತವೆ.

ಈಗ ಆ ಪ್ರಶ್ನೆಗೆ ಬರೋಣ. 175ರ ಗೆರೆಯ ಮೇಲೆ ಉಳಿದ ಬಲವನ್ನು ಕಂಪನಿ ಮೀಸಲಿಟ್ಟದ್ದು ಒಬ್ಬರಿಗಲ್ಲ. ರಾಯಚೂರಿನ ಮೇ ತಿಂಗಳ 42 ಡಿಗ್ರಿಗೆ ಒಂದು ಪಾಲು. ಹಳ್ಳಿಯ ಬಂಕಿನ 91 ಆಕ್ಟೇನ್ ಪೆಟ್ರೋಲಿಗೆ ಒಂದು ಪಾಲು. ಎರಡು ವರ್ಷ ಆಯಿಲ್ ಬದಲಿಸದ ಮಾಲೀಕನಿಗೆ, ಮುಚ್ಚಿಹೋದ ಏರ್ ಫಿಲ್ಟರಿಗೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತು ಕಾದ ಬಾನೆಟ್ಟಿಗೆ ಒಂದೊಂದು ಪಾಲು. ದೊಡ್ಡ ಪಾಲೊಂದು ಗೇರ್‌ಬಾಕ್ಸಿನದು. ಪೊಲೊ ಜಿಟಿಯ ಏಳು ಗೇರುಗಳ ಡಿಎಸ್‌ಜಿ ಪೆಟ್ಟಿಗೆಯಲ್ಲಿ ಎರಡು ಒಣ ಕ್ಲಚ್‌ಗಳಿವೆ. ಅದನ್ನು ವಿನ್ಯಾಸ ಮಾಡಿದ್ದು 250 ನ್ಯೂಟನ್ ಮೀಟರಿನವರೆಗೆ. ಆಯಿಲಿನಲ್ಲಿ ಮುಳುಗಿ ತಣ್ಣಗಾಗುವ ಭಾಗ್ಯ ಆ ಕ್ಲಚ್‌ಗಳಿಗಿಲ್ಲ. ಹಾಗಾಗಿ ನೀವು ಮೀಸಲನ್ನು ಬಳಸಹೊರಟರೆ ಅದರ ಪಾಲುದಾರರಲ್ಲಿ ಕೆಲವರನ್ನಾದರೂ ನಿಮ್ಮ ಕೈಯಿಂದ ತೃಪ್ತಿಪಡಿಸಬೇಕು: ಒಳ್ಳೆಯ ಪೆಟ್ರೋಲ್, ಸಕಾಲದ ಸರ್ವಿಸ್, ತಣ್ಣನೆಯ ಗಾಳಿ. ಗೇರ್‌ಬಾಕ್ಸಿನ ಪಾಲನ್ನು ಮಾತ್ರ ಮುಟ್ಟಬಾರದು.

ಸೌಮ್ಯವಾದ ರೀಮ್ಯಾಪ್, ಗ್ಯಾರೇಜಿನ ಭಾಷೆಯಲ್ಲಿ ‘ಸ್ಟೇಜ್ 1’, ಮಾಡುವುದು ಇಷ್ಟೇ. ಇಸಿಯು ಒಳಗಿನ ಕೋಷ್ಟಕಗಳಲ್ಲಿ ಒತ್ತಡದ ಮಿತಿ, ಕಿಡಿಯ ಕೋನ, ಟಾರ್ಕಿನ ಗೆರೆ ಇವನ್ನು ತುಸು ಮೇಲೆತ್ತುವುದು. ಈ ಕಾರಿಗೆ 220ರ ಸುಮಾರಿಗೆ ಗೆರೆ ಎಳೆಯುವ ಟ್ಯೂನರ್‌ಗಳು ವಿವೇಕಿಗಳು ಎಂಬುದು ನನ್ನ ಅಭಿಪ್ರಾಯ. ಶಕ್ತಿ ಎಂದರೆ ಟಾರ್ಕ್ ಮತ್ತು ವೇಗದ ಗುಣಲಬ್ಧ. 4,000 ಸುತ್ತಿನಲ್ಲಿ 175 ನ್ಯೂಟನ್ ಮೀಟರ್ ಅಂದರೆ ಸುಮಾರು 100 ಅಶ್ವಶಕ್ತಿ. ಅದೇ ಸುತ್ತಿನಲ್ಲಿ 220 ಅಂದರೆ 125. ಏರುದಾರಿಯಲ್ಲಿ ಲಾರಿ ದಾಟುವಾಗ ಕಾಲ ಕೆಳಗೆ ಕಾಲುಭಾಗ ಹೆಚ್ಚು ಬಲ. ಒಂದೂ ಲೋಹ ಬದಲಾಗದೆ ಸಿಗುವ ಇಷ್ಟು ಲಾಭ ಟರ್ಬೊ ಇಲ್ಲದ ಕಾರಿನಲ್ಲಿ ಕನಸಿನ ಮಾತು. ಅಲ್ಲಿ ರೀಮ್ಯಾಪಿನಿಂದ ಸಿಗುವುದು ಚೂರುಪಾರು, ಏಕೆಂದರೆ ಗಾಳಿಯನ್ನು ಹೆಚ್ಚಿಸುವ ಪಂಪೇ ಅಲ್ಲಿಲ್ಲ.

ಇಸಿಯು ಮುಟ್ಟದೆಯೇ ಶಕ್ತಿ ಹೆಚ್ಚಿಸುವ ‘ಟ್ಯೂನಿಂಗ್ ಬಾಕ್ಸ್’ ಕೂಡ ಸಿಗುತ್ತದೆ. ಒತ್ತಡದ ಸೆನ್ಸರಿಗೂ ಇಸಿಯುಗೂ ನಡುವೆ ಕೂತು ಅದು ಸುಳ್ಳು ಹೇಳುತ್ತದೆ: ಒಳಗೆ 1.8 ಬಾರ್ ಇದ್ದರೆ 1.6 ಇದೆ ಎನ್ನುತ್ತದೆ. ಇಸಿಯು ಪಾಪ, ನಂಬಿ ಇನ್ನಷ್ಟು ತುಂಬುತ್ತದೆ. ಬೇಡವಾದಾಗ ಕಿತ್ತಿಡಬಹುದೆಂಬ ಅನುಕೂಲ ನಿಜ. ಆದರೂ ಎಂಜಿನ್ನನ್ನು ಕಾಯುವ ಕಾವಲುಗಾರನಿಗೇ ಕಣ್ಣುಕಟ್ಟುವ ಏರ್ಪಾಡು ನನಗೆ ಹಿಡಿಸುವುದಿಲ್ಲ. ರೀಮ್ಯಾಪಿನಲ್ಲಿ ಕನಿಷ್ಠ ಇಸಿಯುಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿರುತ್ತದೆ.

ರೀಮ್ಯಾಪ್ ಮಾಡಿಸಿದವರು ಟೆಸ್ಟ್ ಡ್ರೈವಿಗೆ ಹೋದಾಗ ಮೊದಲು ಕೇಳುವುದು ಪಿಕಪ್. ಕಾಲಿಟ್ಟ ಕೂಡಲೇ ಬೆನ್ನು ಸೀಟಿಗೆ ಒತ್ತಬೇಕು. ಇಲ್ಲೊಂದು ಅಪಾಯ ಅಡಗಿದೆ. ಬೆನ್ನಿಗೆ ಚೆನ್ನಾಗಿ ತಿಳಿಯುವುದು 1,500–2,000 ಸುತ್ತಿನಲ್ಲಿ ಥಟ್ಟನೆ ಏರುವ ಟಾರ್ಕ್. ಆದರೆ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಸಣ್ಣ ಟರ್ಬೊ ಎಂಜಿನ್‌ಗಳಿಗೆ ಅದೇ ಅತಿ ಕೆಟ್ಟ ಜಾಗ. ಅಲ್ಲಿ ಒತ್ತಡ ಹೆಚ್ಚು, ವೇಗ ಕಡಿಮೆ, ಮಿಶ್ರಣ ಬಿಸಿಯಲ್ಲಿ ಕೂತಿರುವ ಸಮಯ ದೀರ್ಘ. ಪಿಸ್ಟನ್ ರಿಂಗಿನ ಸಂದಿಯಿಂದ ಆಯಿಲ್ ಬೆರೆತ ಪೆಟ್ರೋಲಿನ ಒಂದು ಹನಿ ಮೇಲೆ ಹಾರಿದರೂ ಸಾಕು, ಸ್ಪಾರ್ಕಿಗೆ ಮುಂಚೆಯೇ ಅದು ಹೊತ್ತಿಕೊಂಡು ಸಿಲಿಂಡರಿನ ಒತ್ತಡ ಎಲ್ಲೆ ಮೀರಿ ಜಿಗಿಯಬಹುದು. ಕಿಡಿಯನ್ನು ಹಿಂದಕ್ಕೆ ತಳ್ಳಿ ಇದನ್ನು ತಡೆಯಲಾಗದು, ಏಕೆಂದರೆ ಇದು ಕಿಡಿಗಾಗಿ ಕಾಯುವುದೇ ಇಲ್ಲ. ಆಯಿಲಿನಲ್ಲಿ ಬೆರೆಸುವ ಕ್ಯಾಲ್ಸಿಯಂ ಮಾರ್ಜಕ ಇದಕ್ಕೆ ಕುಮ್ಮಕ್ಕು ಕೊಡುತ್ತದೆಂದು ಗೊತ್ತಾದ ಮೇಲೆ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ ಹೊಸ ಆಯಿಲ್ ಮಾನಕಗಳು ಬಂದವು. ಹೀಗಾಗಿ ಸ್ಲೀಪರ್ ಕಾರಿನ ಅತ್ಯಂತ ಗುಟ್ಟಿನ, ಅತ್ಯಂತ ಅಗ್ಗದ ಸುಧಾರಣೆಗಳಲ್ಲಿ ಒಂದು ಆಯಿಲ್ ಡಬ್ಬಿಯ ಹಿಂಬದಿಯ ಅಕ್ಷರ ಓದುವುದು. ಕೈಪಿಡಿ ಹೇಳಿದ ಮಾನಕಕ್ಕೆ ಒಪ್ಪುವ ಆಯಿಲ್‌ಗಳ ಪೈಕಿ ಎಸ್‌ಪಿ ಗುರುತಿನದನ್ನು ಆರಿಸಿಕೊಂಡರಾಯಿತು. ಟ್ಯೂನರಿಗೂ ಒಂದು ಮಾತು ಹೇಳಬಹುದು: 2,000 ಸುತ್ತಿನ ಕೆಳಗೆ ಗೆರೆಯನ್ನು ಕಂಪನಿ ಇಟ್ಟಲ್ಲೇ ಬಿಡಿ, ಮೇಲಿನದನ್ನು ಮಾತ್ರ ಎತ್ತಿ.

ಪೆಟ್ರೋಲಿನ ವಿಚಾರ ಈಚೆಗೆ ಸಂಕೀರ್ಣವಾಗಿದೆ. ನಮ್ಮ ಸಾದಾ ಪೆಟ್ರೋಲಿಗೆ ಬಿಎಸ್-6 ಮಾನಕ ವಿಧಿಸಿದ್ದ ಕನಿಷ್ಠ ಆಕ್ಟೇನ್ 91. ಪ್ರೀಮಿಯಂ ಪೆಟ್ರೋಲಿನಲ್ಲಿ 95 ಸಿಗುತ್ತದೆ. 2020ರ ಕೊನೆಯಲ್ಲಿ ಇಂಡಿಯನ್ ಆಯಿಲ್ 100 ಆಕ್ಟೇನಿನ ಪೆಟ್ರೋಲನ್ನೂ ತಂದಿತು. ಈಗ ಶೇ. 20 ಎಥನಾಲ್ ಬೆರೆತ ಇ20 ಬಂದಿದೆ. ಎಥನಾಲಿಗೆ ಎರಡು ಮುಖ. ಅದರ ಆಕ್ಟೇನ್ 100ಕ್ಕೂ ಮೇಲೆ, ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ಜೆಟ್‌ಫೈರಿನ ಬಾಟಲಿ ಮಾಡುತ್ತಿದ್ದ ಕೆಲಸವನ್ನು ಈಗ ಟ್ಯಾಂಕೇ ಸ್ವಲ್ಪಮಟ್ಟಿಗೆ ಮಾಡುತ್ತದೆ ಎನ್ನಬಹುದು. ಆದರೆ ಲೀಟರಿಗೆ ಅದರಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಅದೇ ಗಾಳಿಗೆ ಹೆಚ್ಚು ಇಂಧನ ಚಿಮ್ಮಿಸಬೇಕು. ಕಾರು ಪೂರ್ತಿ ಒತ್ತಡದಲ್ಲಿ ಓಡುವಾಗ ಇಂಜೆಕ್ಟರುಗಳೂ ಪಂಪೂ ಈಗಾಗಲೇ ತಮ್ಮ ಮಿತಿಯ ಹತ್ತಿರ ಇದ್ದರೆ ಇ20 ಅವನ್ನು ಮಿತಿಯಾಚೆ ತಳ್ಳುತ್ತದೆ. 2013ರ ಕಾರಿನ ರಬ್ಬರ್ ಕೊಳವೆಗಳನ್ನು ಇ20 ಕಲ್ಪಿಸಿಕೊಂಡು ಮಾಡಿರಲಿಲ್ಲ ಎಂಬುದೂ ನೆನಪಿರಲಿ. ಇ20ಗೂ ಮೊದಲು ಬರೆದ ಮ್ಯಾಪ್ ಫೈಲನ್ನು ಈಗಿನ ಕಾರಿಗೆ ಹಾಗೆಯೇ ಹಾಕುವ ಟ್ಯೂನರಿನಿಂದ ದೂರ ಇರುವುದು ಒಳ್ಳೆಯದು.

ಬಿಡಿಭಾಗಗಳಲ್ಲಿ ಆರಿಸುವಂಥವು ಕಡಿಮೆ. ಸ್ಪಾರ್ಕ್ ಪ್ಲಗ್ ಒಂದು. ಅನಿಲದ ಒತ್ತಡ ಹೆಚ್ಚಿದಷ್ಟೂ ಅದರ ಮೂಲಕ ಕಿಡಿ ಹಾಯಲು ಹೆಚ್ಚು ವೋಲ್ಟೇಜ್ ಬೇಕೆಂದು ಜರ್ಮನಿಯ ಫ್ರೀಡ್ರಿಖ್ ಪಾಶೆನ್ 1889ರಲ್ಲೇ ತೋರಿಸಿದ್ದ. ಟರ್ಬೊ ಒತ್ತಡ ಏರಿಸಿದಾಗ ಹಳೆಯ, ಸವೆದು ಅಂತರ ಹಿಗ್ಗಿದ ಪ್ಲಗ್‌ಗಳಲ್ಲಿ ಕಿಡಿ ಆರಿಹೋಗುವುದು ಇದೇ ಕಾರಣಕ್ಕೆ. ಹೊಸ ಪ್ಲಗ್ ಹಾಕಿ, ಅಂತರವನ್ನು ಟ್ಯೂನರ್ ಹೇಳಿದಷ್ಟು ಕೂದಲೆಳೆ ಕಿರಿದು ಮಾಡಿದರೆ ಮುಗಿಯಿತು.

ಇಂಟರ್‌ಕೂಲರ್ ಇನ್ನೊಂದು. ಹೆಚ್ಚಿನ ಟರ್ಬೊ ಕಾರುಗಳಲ್ಲಿ ಅದು ಬಂಪರಿನ ಹಿಂದೆ ಗಾಳಿಗೆ ಮೈಯೊಡ್ಡಿ ಕೂತಿರುತ್ತದೆ. ಅದೇ ಜಾಗದಲ್ಲಿ ದಪ್ಪನೆಯದು ಕೂಡಿಸಿದರೆ ಯಾರಿಗೂ ಕಾಣುವುದಿಲ್ಲ. ಸ್ಲೀಪರ್ ಮಾಡಹೊರಟವರು ರೀಮ್ಯಾಪಿನ ನಂತರ ದುಡ್ಡು ಹಾಕಬೇಕಾದ ಮೊದಲ ಲೋಹ ಇದೇ. ಪೊಲೊದ 1.2 ಎಂಜಿನ್ನಿನಲ್ಲಿ ಆ ಸೌಲಭ್ಯವಿಲ್ಲ. ಅದರ ಇಂಟರ್‌ಕೂಲರ್ ನೀರಿನಿಂದ ತಣಿಯುವಂಥದ್ದು, ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಹೊಟ್ಟೆಯೊಳಗೇ ಇದೆ. ಗಾಳಿ ಸಾಗುವ ದಾರಿ ಚಿಕ್ಕದಾದ್ದರಿಂದ ಲ್ಯಾಗ್, ಅಂದರೆ ಕಾಲಿಟ್ಟ ಮೇಲೆ ಟರ್ಬೊ ಬಲ ಬರುವವರೆಗಿನ ತಡ, ಕಡಿಮೆ. ಆದರೆ ದೊಡ್ಡದು ಕೂಡಿಸುವುದು ಸುಲಭವಲ್ಲ. ಅಲ್ಲಿ ಮಾಡಬೇಕಾದ್ದು ಆ ನೀರು ಸುತ್ತಿಸುವ ಪುಟ್ಟ ಎಲೆಕ್ಟ್ರಿಕ್ ಪಂಪ್ ಸರಿಯಿದೆಯೇ, ಕೂಲಂಟ್ ಪೂರ್ತಿ ಇದೆಯೇ ಎಂದು ನೋಡುವುದು. ಬೇಸರದ ಕೆಲಸ, ಫೋಟೋ ಹಾಕಿಕೊಳ್ಳಲು ಆಗುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಳೆಯುವ ಶಂಕುವಿನಾಕಾರದ ಏರ್ ಫಿಲ್ಟರ್ ಕಂಡವರಿಗೆ ಅದನ್ನು ಕೊಳ್ಳದೆ ಬರುವುದು ಕಷ್ಟ. ಬಾನೆಟ್ಟಿನೊಳಗೆ ಬಯಲಾಗಿ ಕೂರುವ ಅದು ಎಂಜಿನ್ನಿನ ಬಿಸಿಗಾಳಿಯನ್ನೇ ಕುಡಿಯುತ್ತದೆ. ಕಂಪನಿಯ ಪೆಟ್ಟಿಗೆ ಮುಂಭಾಗದಿಂದ ಹೊರಗಿನ ತಣ್ಣನೆ ಗಾಳಿ ಎಳೆಯುತ್ತದೆ. ನಮ್ಮ ಧೂಳಿಗೆ ಕಾಗದದ ಹೊಸ ಫಿಲ್ಟರ್ ಸಾಕು, ಅದೂ ನೂರುಗಳ ಲೆಕ್ಕದಲ್ಲಿ ಸಿಗುತ್ತದೆ. ಶಂಕು ಫಿಲ್ಟರ್ ಖಂಡಿತವಾಗಿ ಹೆಚ್ಚಿಸುವುದು ಸದ್ದನ್ನು. ಸದ್ದು ಹೆಚ್ಚಿದಾಗ ವೇಗ ಹೆಚ್ಚಿದಂತೆ ಮನಸ್ಸಿಗೆ ಅನ್ನಿಸುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ‘ಪ್‌ಶ್ಶ್’ ಎನ್ನುವ ಬ್ಲೋ-ಆಫ್ ಕವಾಟದ ಕಥೆಯೂ ಅಷ್ಟೇ. ಒಳಬರುವ ಗಾಳಿಯನ್ನು ತೂಗುವ ಸೆನ್ಸರ್ ಇರುವ ಕಾರುಗಳಲ್ಲಿ ಅದು ನಷ್ಟವನ್ನೂ ತರುತ್ತದೆ: ತೂಗಿ ಲೆಕ್ಕ ಬರೆದ ಗಾಳಿಯನ್ನು ಹೊರಗೆ ಚೆಲ್ಲಿಬಿಟ್ಟರೆ ಅದರ ಪಾಲಿನ ಪೆಟ್ರೋಲ್ ಮಾತ್ರ ಸಿಲಿಂಡರಿಗೆ ಬೀಳುತ್ತದೆ. ಸದ್ದು ಬೇಕಾದವರು ಸದ್ದಿನ ಕಾರು ಮಾಡಲಿ, ನಮ್ಮ ವಿಷಯ ಅದಲ್ಲ.

ಹೊಗೆಯ ದಾರಿಯಲ್ಲಿ ಲಾಭ ನಿಜವಾಗಿಯೂ ಇದೆ. ಟರ್ಬೊದ ಚಕ್ರವನ್ನು ತಿರುಗಿಸುವುದು ಅದರ ಮುಂದಿನ ಮತ್ತು ಹಿಂದಿನ ಒತ್ತಡಗಳ ಅನುಪಾತ. ಹಿಂದಿನ ತಡೆ ಕಡಿಮೆಯಾದಷ್ಟೂ ಅದು ಬೇಗ ಎಚ್ಚರಗೊಳ್ಳುತ್ತದೆ. ಅದಕ್ಕಾಗಿ ವಿಷಾನಿಲ ಸುಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕತ್ತರಿಸಿ ಎಸೆಯುವವರಿದ್ದಾರೆ. ಅವರು ಉಳಿಸಿಕೊಂಡ ಆ ನಾಲ್ಕಾರು ಅಶ್ವಶಕ್ತಿಯ ಬೆಲೆಯನ್ನು ಹಿಂದೆ ಸ್ಕೂಟರಿನಲ್ಲಿ ಬರುವವನ ಶ್ವಾಸಕೋಶ ತೆರುತ್ತದೆ. ಇದರಲ್ಲಿ ಚರ್ಚೆಗೆ ಜಾಗ ಕಾಣುವುದಿಲ್ಲ.

ಕಾನೂನಿನ ಮಾತೂ ಇಲ್ಲೇ ಆಗಲಿ. ತಯಾರಕರು ಕೊಟ್ಟ ಮೂಲ ವಿವರಗಳಿಂದ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನ ಬದಲಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಕಣ್ಣಿಗೆ ಕಾಣದ ಬದಲಾವಣೆಯೂ ಬದಲಾವಣೆಯೇ. ವಾಯುಮಾಲಿನ್ಯ ತಪಾಸಣೆಯವರು ಪೆಟ್ರೋಲ್ ಕಾರಿನ ಹೊಗೆ ಅಳೆಯುವುದು ಕಾರು ನಿಂತಿರುವಾಗ, ಹಾಗಾಗಿ ರೀಮ್ಯಾಪ್ ಅವರ ಯಂತ್ರಕ್ಕೆ ಸಿಕ್ಕಿಬೀಳದಿರಬಹುದು. ಆದರೆ ಸರ್ವಿಸ್ ಸೆಂಟರಿನ ಸ್ಕ್ಯಾನರಿಗೆ ಇಸಿಯು ತನ್ನನ್ನು ಯಾರೋ ತಿದ್ದಿ ಬರೆದರೆಂದು ಹೇಳಿಬಿಡುತ್ತದೆ. ವಾರಂಟಿ ಹೋಗುತ್ತದೆ. ವಿಮೆ ಕಂಪನಿಗೆ ತಿಳಿಸದೆ ಮಾಡಿದರೆ ಅಪಘಾತದ ದಿನ ಕಾಗದಪತ್ರ ಕೈಕೊಡಬಹುದು. ತೀರ್ಮಾನ ಓದುಗರದು, ಕಣ್ಣು ತೆರೆದುಕೊಂಡು ಮಾಡಲಿ.

ಇಷ್ಟು ಹೊತ್ತೂ ಓಟದ ಮಾತಾಯಿತು. ನನ್ನ ಕೇಳಿದರೆ ಮೊದಲ ದುಡ್ಡು ಹೋಗಬೇಕಾದ್ದು ನಿಲ್ಲಿಸುವುದಕ್ಕೆ. 1,100 ಕಿಲೋ ಕಾರು 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 424 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ವೇಗ 120ಕ್ಕೆ ಏರಿದರೆ ಅದು 611. ವೇಗ ಹೆಚ್ಚಿದ್ದು ಶೇ. 20, ಬ್ರೇಕ್ ನುಂಗಬೇಕಾದ ಶಾಖ ಹೆಚ್ಚಿದ್ದು ಶೇ. 44. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಇಳಿಯುವಾಗ ಈ ಶಾಖ ಪ್ಯಾಡಿನಿಂದ ಬ್ರೇಕ್ ದ್ರವಕ್ಕೆ ಹರಿಯುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದೆಂಬ ನಿಯಮವಿದೆ. ಆದರೆ ಆ ದ್ರವಕ್ಕೆ ಗಾಳಿಯ ತೇವ ಹೀರುವ ಗುಣ. ನೀರು ಬೆರೆತ ಹಳೆಯ ದ್ರವಕ್ಕೆ ಅದೇ ನಿಯಮ ಕೇಳುವುದು ಬರೀ 155 ಡಿಗ್ರಿ. ಕುದಿದರೆ ಕೊಳವೆಯಲ್ಲಿ ಆವಿಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ. ಮಲೆನಾಡಿನ ಒಂದೆರಡು ಮಳೆಗಾಲ ಕಂಡ ಕಾರಿಗೆ ಬ್ರೇಕ್ ದ್ರವ ಬದಲಿಸುವುದು ಯಾವ ರೀಮ್ಯಾಪಿಗಿಂತಲೂ ದೊಡ್ಡ ಸುಧಾರಣೆ. ಜೊತೆಗೆ ಒಳ್ಳೆಯ ಪ್ಯಾಡ್, ಒಳ್ಳೆಯ ಟೈರು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತಿದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಆರೇಳು ವರ್ಷ ಹಳೆಯ ಗಟ್ಟಿಯಾದ ರಬ್ಬರಿನ ಮೇಲೆ 220 ನ್ಯೂಟನ್ ಮೀಟರ್ ಸುರಿದರೆ, ವೇಗ ಹಿಡಿಯುವಾಗ ಭಾರ ಹಿಂದಕ್ಕೆ ಸರಿಯುವುದರಿಂದ, ಮುಂದಿನ ಗಾಲಿಗಳು ಇದ್ದಲ್ಲೇ ಸುತ್ತುತ್ತವೆ.

ಕೊನೆಗೆ, ಮಾಡಿಸಿದ ಕೆಲಸ ಅಳೆಯುವುದು ಹೇಗೆ? ಎಲ್ಲರೂ ಡೈನೊ ಚೀಟಿ ತೋರಿಸುತ್ತಾರೆ. ಕಾರನ್ನು ಉರುಳೆಗಳ ಮೇಲೆ ಓಡಿಸಿ ಶಕ್ತಿ ಅಳೆಯುವ ಆ ಯಂತ್ರ ಹವಾಮಾನಕ್ಕೆ ತಕ್ಕಂತೆ ಅಂಕಿಯನ್ನು ತಿದ್ದುತ್ತದೆ. ತಿದ್ದುವ ಸೂತ್ರ ರೂಪಿಸಿದ್ದು ಟರ್ಬೊ ಇಲ್ಲದ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬೆಂಗಳೂರಿನ ತೆಳುಗಾಳಿ ಕಂಡ ಕೂಡಲೇ ಅದು, ಪಾಪ ಈ ಕಾರಿಗೆ ಗಾಳಿ ಕಡಿಮೆ ಸಿಕ್ಕಿದೆ ಎಂದುಕೊಂಡು ಶೇ. 10ಕ್ಕೂ ಹೆಚ್ಚು ಸೇರಿಸಿಬಿಡುತ್ತದೆ. ಟರ್ಬೊ ಆ ಕೊರತೆಯನ್ನು ಆಗಲೇ ತುಂಬಿಕೊಂಡಿರುತ್ತದೆ. ಹೀಗೆ ಬೆಂಗಳೂರಿನ ಚೀಟಿಯ 140 ಅಶ್ವಶಕ್ತಿಯಲ್ಲಿ ಹತ್ತು ಹದಿನೈದು ಕಾಗದದ ಕುದುರೆಗಳೇ ಇರಬಹುದು. ತಿದ್ದದ ಅಂಕಿ ಕೇಳಿ, ರೀಮ್ಯಾಪಿಗೆ ಮುಂಚೆ ಮತ್ತು ನಂತರ ಅದೇ ಯಂತ್ರದಲ್ಲಿ, ಅದೇ ದಿನ.

ಅದಕ್ಕಿಂತ ಒಳ್ಳೆಯ ಸಾಕ್ಷಿ ಇಸಿಯು ಬಳಿಯೇ ಇದೆ. ಸ್ಟಿಯರಿಂಗಿನ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸಣ್ಣ ಅಡಾಪ್ಟರ್ ಸಿಕ್ಕಿಸಿ, ಡೈನೊ ಮೇಲೋ ರೇಸ್ ಟ್ರ್ಯಾಕಿನಲ್ಲೋ ಮೂರನೇ ಗೇರಿನಲ್ಲಿ ಪೂರ್ತಿ ಕಾಲಿಟ್ಟು ಎರಡು ಸಂಗತಿ ದಾಖಲಿಸಿಕೊಳ್ಳಬೇಕು: ಒಳಬರುವ ಗಾಳಿಯ ಉಷ್ಣತೆ, ಮತ್ತು ನಾಕಿಂಗ್ ತಡೆಯಲು ಪ್ರತಿ ಸಿಲಿಂಡರಿನಲ್ಲಿ ಕಿಡಿಯನ್ನು ಎಷ್ಟು ಡಿಗ್ರಿ ಹಿಂದಕ್ಕೆ ತಳ್ಳಲಾಗಿದೆ ಎಂಬ ಲೆಕ್ಕ. ಒಮ್ಮೆ ಡಿಸೆಂಬರಿನ ಬೆಳಿಗ್ಗೆ, ಇನ್ನೊಮ್ಮೆ ಏಪ್ರಿಲ್ಲಿನ ಮಧ್ಯಾಹ್ನ. ಆಗೊಮ್ಮೆ ಈಗೊಮ್ಮೆ ಒಂದೆರಡು ಡಿಗ್ರಿ ಕಂಡರೆ ಚಿಂತೆಯಿಲ್ಲ, ಕಿವಿ ತನ್ನ ಕೆಲಸ ಮಾಡುತ್ತಿದೆ. ಏಪ್ರಿಲ್ಲಿನಲ್ಲಿ ಯಾವುದೋ ಒಂದು ಸಿಲಿಂಡರ್ ಪ್ರತಿಸಲವೂ ನಾಲ್ಕೈದು ಡಿಗ್ರಿ ಹಿಂದಕ್ಕೆ ಹೋಗುತ್ತಿದ್ದರೆ ಟ್ಯೂನರ್ ಬಳಿ ಮರಳಿ ಹೋಗಿ ಒತ್ತಡವನ್ನು ಸ್ವಲ್ಪ ಇಳಿಸಲು ಹೇಳಬೇಕು. ಕಳೆದುಕೊಳ್ಳುವುದು ಐದಾರು ಅಶ್ವಶಕ್ತಿ. ಸೀಟಿನಲ್ಲಿ ಕೂತವರಿಗೆ ಅದು ತಿಳಿಯುವುದೂ ಇಲ್ಲ.